ನೀರನ್ನು ಆಳಿದವರು, ನೀರಲ್ಲಿ ನಿಂತವರು

ಕ್ರಿ.ಶ. 1475. ಮಿಲಾನಿನ ಡ್ಯೂಕ್ ಗಲಿಯಾಝೊ ಮಾರಿಯಾ ಸ್ಫೋರ್ಝಾ, ಫೆರಾರಾದ ಅರಸನಿಗೆ ಹನ್ನೆರಡು ಚೀಲ ಭತ್ತ ಕಳುಹಿಸುವುದಾಗಿ ಪತ್ರ ಬರೆಸಿದ. ಮರುವರ್ಷವೇ ಡ್ಯೂಕ್ ಹಂತಕರ ಕೈಯಲ್ಲಿ ಮಡಿದ. ಆ ಪತ್ರ ಮಾತ್ರ ಉಳಿಯಿತು. ಗ್ರಂಧಿಗೆ ಅಂಗಡಿಯಲ್ಲಿ ಔಷಧಿ, ಮಸಾಲೆಗಳ ಸಾಲಿನಲ್ಲಿ ತೂಕಕ್ಕೆ ಸಿಗುತ್ತಿದ್ದ ಅಕ್ಕಿ ಉತ್ತರ ಇಟಲಿಯ ಹೊಲಗಳಿಗೆ ಇಳಿದಿತ್ತೆಂಬುದಕ್ಕೆ ಅದೇ ಹಳೆಯ ಸಾಕ್ಷಿಗಳಲ್ಲೊಂದು.

ಆಲ್ಪ್ಸ್ ಹಿಮ ಕರಗಿ ಹರಿಯುವ ಪೋ ನದಿಯ ಬಯಲು ಭತ್ತಕ್ಕೆ ಸುಲಭದ ನೆಲವಲ್ಲ. ಅಲ್ಲಿನ ರಾತ್ರಿಗಳು ತಣ್ಣಗೆ. ಗದ್ದೆಯಲ್ಲಿ ನಿಂತ ನೀರೇ ಹಗಲಿನ ಬಿಸಿಯನ್ನು ಹಿಡಿದಿಟ್ಟು ಎಳೆಯ ಪೈರನ್ನು ಕಾಯಬೇಕು. ಹಾಗಾಗಿ ನೀರು ಯಾರ ಕೈಯಲ್ಲಿತ್ತೋ ಭತ್ತವೂ ಅವರದಾಗಿತ್ತು. ವೆರ್ಚೆಲ್ಲಿ ಸೀಮೆಯ ಲುಚೆದಿಯೊ ಮಠದ ಸನ್ಯಾಸಿಗಳು ಹನ್ನೆರಡನೆಯ ಶತಮಾನದಿಂದಲೇ ಜೌಗು ಬಸಿದು, ಕಾಡು ಕಡಿದು ನೆಲವನ್ನು ಸಾಗುವಳಿಗೆ ತಂದಿದ್ದರು. ಭತ್ತ ಬಂದಾಗ ಆ ನೆಲ ಸಿದ್ಧವಾಗಿತ್ತು. ಗದ್ದೆಗಳು ಹಬ್ಬಿದಂತೆ ಚಳಿಜ್ವರವೂ ಹಬ್ಬಿತು. ನಿಂತ ನೀರಿನ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ನಂಬಿದ ಆಳರಸರು ನಗರದ ಗೋಡೆಗಳಿಂದ ಇಷ್ಟು ದೂರದೊಳಗೆ ಭತ್ತ ಬೆಳೆಯಕೂಡದೆಂದು ಆಜ್ಞೆ ಹೊರಡಿಸಿದರು. ಲಾಭ ಆಜ್ಞೆಗಿಂತ ಬಲವಾಗಿತ್ತು. ಗದ್ದೆಗಳು ಹಿಂದೆ ಸರಿಯಲಿಲ್ಲ.

1787ರ ವಸಂತದಲ್ಲಿ ಆ ಗದ್ದೆಗಳ ಸೀಮೆಗೆ ಒಬ್ಬ ವಿಶೇಷ ಪ್ರಯಾಣಿಕ ಬಂದ. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್. ಅಲ್ಲಿನ ಪಿಯೆಮೊಂಟೆ ಪ್ರಾಂತ್ಯದ ಅಕ್ಕಿ ತನ್ನ ದೇಶದ ಕೆರೊಲಿನಾದ ಅಕ್ಕಿಯೊಡನೆ ಹೇಗೆ ಪೈಪೋಟಿ ಮಾಡುತ್ತದೆಂದು ತಿಳಿಯುವುದು ಅವನ ಉದ್ದೇಶ. ಬಿತ್ತನೆ ಭತ್ತವನ್ನು ಗಡಿ ದಾಟಿಸಿದರೆ ಮರಣದಂಡನೆಯೆಂಬುದು ಅವನಿಗೆ ತಿಳಿಯಿತು. ಹೇಸರಗತ್ತೆ ಹೊಡೆಯುವವನೊಬ್ಬನಿಗೆ ಹಣ ಕೊಟ್ಟು ಜಿನೋವಾಕ್ಕೆ ಭತ್ತ ಸಾಗಿಸಲು ಹೇಳಿದ. ಅದು ತಲುಪೀತೆಂಬ ಭರವಸೆಯಿಲ್ಲದೆ ತನ್ನ ಕೋಟಿನ ಜೇಬುಗಳಲ್ಲೂ ತುಂಬಿಕೊಂಡು ಹೊರಟ. ಮುಂದೆ ತನ್ನ ದೇಶದ ಅಧ್ಯಕ್ಷನಾದವನು ಅಂದು ಭತ್ತದ ಕಳ್ಳಸಾಗಣೆ ಮಾಡಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಕಿ ರೋಗ ಬಂದು ಹಳೆಯ ತಳಿಯನ್ನು ಸುಟ್ಟಿತು. 1839ರಲ್ಲಿ ಪಾದ್ರಿ ಕಲ್ಲೇರಿ ಏಷ್ಯಾದಿಂದ ಹಲವು ಹೊಸ ತಳಿಗಳ ಬೀಜ ತಂದ. ತಳಿಯ ಕೊರತೆ ನೀಗಿದರೂ ನೀರಿನ ಚಿಂತೆ ಉಳಿಯಿತು. ಅದನ್ನು ಬಲ್ಲವನು ಕಮಿಲ್ಲೊ ಕವೂರ್. ಇಟಲಿಯನ್ನು ಒಂದುಗೂಡಿಸಿದ ಈ ಮುತ್ಸದ್ದಿ ಲೇರಿ ಎಂಬಲ್ಲಿನ ಜಮೀನಿನಲ್ಲಿ ತಾನೇ ನಿಂತು ಭತ್ತ ಬೆಳೆಸಿದವನು. ಪೋ ನದಿಯಿಂದ ತಿಚಿನೊ ನದಿಯವರೆಗೆ ಕಾಲುವೆ ತೋಡುವ ಕನಸನ್ನು ಬೆಂಬಲಿಸಿದ ಅವನು 1861ರಲ್ಲಿ ತೀರಿಕೊಂಡ. ಕೆಲಸ 1863ರಲ್ಲಿ ಆರಂಭವಾಗಿ 1866ರಲ್ಲಿ ಮುಗಿಯಿತು. ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಆ ಕಾಲುವೆ ದೋರಾ ಬಾಲ್ತೆಯಾ ನದಿಯನ್ನು ಮೇಲ್ಗಾಲುವೆಯಲ್ಲಿ ದಾಟುತ್ತದೆ, ಸೇಸಿಯಾ ನದಿಯ ಅಡಿಯಲ್ಲಿ ನುಸುಳುತ್ತದೆ. ಅದಕ್ಕೆ ಕವೂರನ ಹೆಸರನ್ನೇ ಇಟ್ಟರು.

ಕಾಲುವೆ ತಂದ ನೀರಿನಲ್ಲಿ ನಿಂತವರ ಹೆಸರನ್ನು ಯಾವುದಕ್ಕೂ ಇಡಲಿಲ್ಲ. ಅವರು ಮೊಂದೀನೆಯರು, ಕಳೆ ಕೀಳುವ ಹೆಂಗಸರು. ಬೇಸಿಗೆ ಬಂತೆಂದರೆ ಎಮಿಲಿಯಾ, ವೆನೆತೊ ಕಡೆಯಿಂದ ರೈಲು ತುಂಬಿ ಬರುತ್ತಿದ್ದರು. ತಲೆಗೆ ಅಗಲವಾದ ಹುಲ್ಲಿನ ಟೋಪಿ, ಮೊಣಕಾಲವರೆಗೆ ನೀರು, ಬಗ್ಗಿದ ಬೆನ್ನು, ಕಾಲಿಗೆ ಜಿಗಣೆ, ಮುಖಕ್ಕೆ ಸೊಳ್ಳೆ. ಸುಮಾರು ನಲವತ್ತು ದಿನ ಜಮೀನ್ದಾರನ ಕೊಟ್ಟಡಿಗಳಲ್ಲಿ ಮಲಗೆದ್ದು, ಹಣದ ಜೊತೆ ಒಂದಿಷ್ಟು ಅಕ್ಕಿಯನ್ನೂ ಕೂಲಿಯಾಗಿ ಹೊತ್ತು ಊರಿಗೆ ಮರಳುತ್ತಿದ್ದರು. ಗದ್ದೆಯಲ್ಲಿ ಹಾಡು ಅವರ ಜೊತೆಗಿತ್ತು. ಆ ಹಾಡುಗಳಲ್ಲಿ ಮೇಸ್ತ್ರಿಯ ಮೇಲಿನ ಸಿಟ್ಟೂ ಇತ್ತು.

ವಕೀಲ ಮೊದೆಸ್ತೊ ಕುನ್ಯೋಲಿಯೊ ಆ ಸಿಟ್ಟಿಗೆ ಕಾನೂನಿನ ಭಾಷೆ ಕೊಟ್ಟ. ಹೆಂಗಸರು ಗದ್ದೆ ಬಿಟ್ಟು ಬೀದಿಗಿಳಿದರು. 1906ರ ಜೂನ್ ತಿಂಗಳಲ್ಲಿ ವೆರ್ಚೆಲ್ಲಿಯ ಒಡೆಯರು ದಿನಕ್ಕೆ ಎಂಟೇ ಗಂಟೆಯ ದುಡಿಮೆಯನ್ನು ಒಪ್ಪಿಕೊಂಡರು. ಇಟಲಿಯ ಕಾರ್ಖಾನೆ ಕಾರ್ಮಿಕರಿಗೆ ಆ ಹಕ್ಕು ದಕ್ಕಲು ಇನ್ನೂ ಹತ್ತು ವರ್ಷಕ್ಕೂ ಮೀರಿ ಕಾಯಬೇಕಿತ್ತು.

ಎರಡನೆಯ ಮಹಾಯುದ್ಧ ಮುಗಿದ ಆಸುಪಾಸಿನಲ್ಲಿ ಕಾರ್ನರೋಲಿ, ಅರ್ಬೋರಿಯೊ ಎಂಬ ದಪ್ಪಕಾಳಿನ ತಳಿಗಳು ಹುಟ್ಟಿದವು. ಬೆಣ್ಣೆಯಲ್ಲಿ ಅಕ್ಕಿ ಹುರಿದು, ಬಿಸಿ ಸಾರನ್ನು ಸೌಟು ಸೌಟಾಗಿ ಸುರಿಯುತ್ತಾ ಬೇಯಿಸುವ ರಿಸೊತ್ತೊಗೆ ಅವು ಹೇಳಿ ಮಾಡಿಸಿದಂತಿದ್ದವು: ಮೇಲೆ ಗಂಜಿ ಬಿಡುತ್ತವೆ, ಒಳಗೆ ಕಾಳು ಗಟ್ಟಿಯಾಗಿ ಉಳಿಯುತ್ತದೆ. ಮಿಲಾನಿನವರು ಅದಕ್ಕೆ ಕೇಸರಿ ಬೆರೆಸಿದರು. ವೆರ್ಚೆಲ್ಲಿಯವರು ಅಕ್ಕಿಗೆ ಹುರುಳಿಕಾಯಿ ಜಾತಿಯ ಒಣಬೀಜ, ಹಂದಿಮಾಂಸದ ಸಲಾಮೆ ಸೇರಿಸಿ ಪನಿಸ್ಸಾ ಮಾಡಿದರು. ಅದು ದುಡಿದವರ ಹಸಿವಿಗೆ ತಕ್ಕ ಊಟ.

1949ರಲ್ಲಿ ಜುಸೆಪ್ಪೆ ದೆ ಸಾಂತಿಸ್, ವೆರ್ಚೆಲ್ಲಿಯ ಗದ್ದೆಗಳಲ್ಲೇ ತೆಗೆದ ‘ರೀಸೊ ಅಮಾರೊ’ ಚಿತ್ರದಲ್ಲಿ ಮೊಂದೀನೆಯರನ್ನು ಲೋಕಕ್ಕೆ ತೋರಿಸಿದ. ಮುಂದಿನ ಒಂದೆರಡು ದಶಕಗಳಲ್ಲಿ ಕಳೆನಾಶಕ ಮತ್ತು ಯಂತ್ರಗಳು ಬಂದು ಅವರ ಕಾಲ ಮುಗಿಯಿತು. ಇಂದು ಯುರೋಪಿನ ಒಕ್ಕೂಟದಲ್ಲಿ ಬೆಳೆಯುವ ಅಕ್ಕಿಯಲ್ಲಿ ಸರಿಸುಮಾರು ಅರ್ಧ ಇಟಲಿಯದು. ಆ ಪರಂಪರೆಯನ್ನು ಹೇಳುವವರು ಡ್ಯೂಕನ ಪತ್ರದಿಂದ, ಕವೂರನ ಕಾಲುವೆಯಿಂದ ಶುರುಮಾಡಲಿ. ಆದರೆ ಎಂಟು ಗಂಟೆಯ ದುಡಿಮೆಯನ್ನು ಗೆದ್ದವರನ್ನು ಬಿಟ್ಟರೆ, ಅದು ಒಡೆಯರ ಲೆಕ್ಕಪುಸ್ತಕವಾದೀತೇ ಹೊರತು ಚರಿತ್ರೆಯಾಗದು.