ತುಂಗಭದ್ರೆಯ ಅಕ್ಕಿ ಮತ್ತು ಥಯಮಿನ್ ಕಿಣ್ವ: ಗಂಗಾವತಿ ಪ್ರದೇಶದ ಆಹಾರೇತಿಹಾಸಕ್ಕೊಂದು ಟಿಪ್ಪಣಿ

ಪ್ರಾದೇಶಿಕ ಇತಿಹಾಸವನ್ನು ಬರೆಯುವವರು ಅರಸರನ್ನೂ ಶಾಸನಗಳನ್ನೂ ಕಾಲುವೆಗಳನ್ನೂ ಪರಿಗಣಿಸುವುದು ರೂಢಿ. ಜನರು ಉಂಡ ಧಾನ್ಯದ ಗುಣವನ್ನು ವಿಚಾರಿಸುವವರು ವಿರಳ. ಗಂಗಾವತಿಯ ಮಟ್ಟಿಗೆ ಆ ವಿಚಾರಣೆ ಅತ್ಯವಶ್ಯವಾದುದು.

ಆನೆಗೊಂದಿಯ ಆಸುಪಾಸಿನ ನದೀತೀರದಲ್ಲಿ ವಿಜಯನಗರ ಕಾಲದ ಕಾಲುವೆಗಳಿಂದ ಭತ್ತ ಬೆಳೆಯುವುದು ಹಳೆಯ ಪದ್ಧತಿ. ನದಿಗೆ ದೂರವಾದ ಎರೆಭೂಮಿಯಲ್ಲಿ ಮಾತ್ರ ಜೋಳವೇ ಪ್ರಧಾನವಾಗಿದ್ದಿತು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಭತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಹೆಚ್ಚಿದವು.

ಈ ಪರಿವರ್ತನೆಯಲ್ಲಿ ಸೂಕ್ಷ್ಮವಾದ ಒಂದು ಅಂಶವಿದೆ. ರೊಟ್ಟಿಗೆ ಬೀಸುವ ಜೋಳದ ಹಿಟ್ಟಿನಲ್ಲಿ ಕಾಳಿನ ಹೊರಪದರವೂ ಮೊಳಕೆಯ ಭಾಗವೂ ಸೇರಿರುತ್ತವೆ. ಗಿರಣಿಯಲ್ಲಿ ಬಿಳುಪುಗೊಳಿಸಿದ ಅಕ್ಕಿಯಿಂದ ಇವೆರಡೂ ತೌಡಾಗಿ ಬೇರ್ಪಡುತ್ತವೆ. ಥಯಮಿನ್ ಎಂಬ ಜೀವಸತ್ವದ ಬಹುಪಾಲು ಇರುವುದು ಅಲ್ಲಿಯೇ. ಪಿಷ್ಟದಿಂದ ಶಕ್ತಿಯನ್ನು ಪಡೆಯಲು ದೇಹಕ್ಕೆ ಥಯಮಿನ್ ಬೇಕು. ಅದು ತೀರ ಕಡಮೆಯಾದರೆ ನರಗಳನ್ನೂ ಹೃದಯವನ್ನೂ ಬಾಧಿಸುವ ಬೆರಿಬೆರಿ ರೋಗ ತಲೆದೋರುತ್ತದೆ.

ಈ ಸಂಬಂಧ ಹೊಳೆದುದು ಜಾವಾದಲ್ಲಿ. 1890ರ ದಶಕದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು ಬಿಳಿ ಅಕ್ಕಿ ತಿಂದ ಕೋಳಿಗಳು ರೋಗಕ್ಕೀಡಾಗುವುದನ್ನೂ ತೌಡಿನಿಂದ ಚೇತರಿಸಿಕೊಳ್ಳುವುದನ್ನೂ ಕಂಡನು. 1926ರಲ್ಲಿ ಯಾನ್ಸೆನ್ ಮತ್ತು ಡೊನಾಟ್ ತೌಡಿನಿಂದ ಶುದ್ಧ ಜೀವಸತ್ವವನ್ನು ಪಡೆದರು. 1936ರಲ್ಲಿ ವಿಲಿಯಮ್ಸ್ ಅದನ್ನು ಕೃತಕವಾಗಿ ತಯಾರಿಸಿದನು. ಭಾರತದಲ್ಲಿ ಈ ರೋಗಕ್ಕೆ ಹೆಸರಾಗಿದ್ದುದು ಉತ್ತರ ಸರ್ಕಾರುಗಳೆಂಬ ತೆಲುಗು ಕರಾವಳಿ. 1920ರ ದಶಕದಲ್ಲಿ ಮೆಕ್‌ಕ್ಯಾರಿಸನ್ ಅಲ್ಲಿಯ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಅಭ್ಯಸಿಸಿದನು. ಗಂಗಾವತಿಗೆ ಭತ್ತದ ಕೃಷಿಕೌಶಲವನ್ನು ತಂದವರೂ ಆ ಕರಾವಳಿಯ ಕಡೆಯವರೇ ಎಂಬುದು ಗಮನಾರ್ಹ.

ಮಾನವದೇಹವು ಥಯಮಿನನ್ನು ತಾನಾಗಿ ರಚಿಸಲಾರದು. ಸಸ್ಯಗಳೂ ಅನೇಕ ಬ್ಯಾಕ್ಟೀರಿಯಗಳೂ ರಚಿಸಬಲ್ಲವು. ಅಣುವಿನ ಎರಡು ಭಾಗಗಳು, ಪಿರಿಮಿಡಿನ್ ಮತ್ತು ಥಯಜೋಲ್, ಬೇರೆಬೇರೆಯಾಗಿ ಸಿದ್ಧವಾಗುತ್ತವೆ. ಅವನ್ನು ಬೆಸೆಯುವುದು ಥಯಮಿನ್ ಫಾಸ್ಫೇಟ್ ಸಿಂಥೇಸ್ ಎಂಬ ಕಿಣ್ವ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯದ ಈ ಕಿಣ್ವದ ರಚನೆಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಬೆಗ್ಲಿ, ಈಲಿಕ್ ಮತ್ತು ಸಂಗಡಿಗರು 1999ರಲ್ಲಿ ಕ್ಷಕಿರಣಗಳ ಸಹಾಯದಿಂದ ಪ್ರಕಟಪಡಿಸಿದರು. ಅದರ ಆಕಾರ ಪೀಪಾಯಿಯಂತಹುದು: ಒಳಗೆ ಎಂಟು ಪಟ್ಟಿಗಳ ಗೋಡೆ, ಹೊರಗೆ ಸುತ್ತುವರಿದ ಎಂಟು ಸುರುಳಿಗಳು. ಎರಡು ಭಾಗಗಳೂ ಪೀಪಾಯಿಯ ಬಾಯಲ್ಲಿ ಕೂಡಿಕೊಂಡು ಥಯಮಿನ್ ಫಾಸ್ಫೇಟ್ ಆಗುತ್ತವೆ. ಭತ್ತದ ಗಿಡದಲ್ಲಿಯೂ ಇದೇ ಬಗೆಯ ಬೆಸುಗೆ ನಡೆಯುತ್ತದೆ.

ಹೀಗೆ, ನಮ್ಮ ದೇಹವು ಮಾಡಲಾಗದುದನ್ನು ಭತ್ತದ ಗಿಡವು ಮಾಡಿ ಕಾಳಿನ ಹೊರಪದರದಲ್ಲಿ ಕೂಡಿಡುತ್ತದೆ. ಗಿರಣಿಯು ಅದನ್ನು ಕಳೆದುಬಿಡುತ್ತದೆ. ಭತ್ತವನ್ನೇ ಬೇಯಿಸಿ ಒಣಗಿಸಿದ ಕುಚ್ಚಲಕ್ಕಿಯಲ್ಲಿ ಜೀವಸತ್ವವು ಕಾಳಿನೊಳಕ್ಕೆ ಇಳಿದು ಬಹುಮಟ್ಟಿಗೆ ಉಳಿಯುತ್ತದೆ. ಬೇಳೆಕಾಳುಗಳ ಬಳಕೆಯೂ ಕೊರತೆಯನ್ನು ತುಂಬುತ್ತದೆ. ಆದುದರಿಂದ ನೀರಾವರಿಯ ಫಲವನ್ನು ಎಕರೆ ಮತ್ತು ಚೀಲಗಳಿಂದ ಮಾತ್ರ ಅಳೆಯುವ ಇತಿಹಾಸ ಅಪೂರ್ಣ. ಚೀಲದೊಳಗಿನ ಕಾಳಿನಲ್ಲಿ ಉಳಿದುದೇನು, ಕಳೆದುದೇನು ಎಂಬುದೂ ಇತಿಹಾಸಕಾರನ ಪ್ರಶ್ನೆಯೇ ಆಗಬೇಕು.