ಮೂರು ಸೂಪರ್ ಓವರ್‌ಗಳ ರಾತ್ರಿ



ಹೋದ ವರ್ಷ ನಮ್ಮ ಯುವಕೂಟದ ಟೆನಿಸ್ ಬಾಲ್ ಟೂರ್ನಿಯ ಫೈನಲ್ ಟೈ ಆದದ್ದು ನಿಮಗೆಲ್ಲ ನೆನಪಿರಬೇಕು. ಹೊತ್ತು ಮುಳುಗುತ್ತಿತ್ತು, ನಿಯಮವನ್ನು ಯಾರೂ ಬರೆದಿಟ್ಟಿರಲಿಲ್ಲ, ಕೊನೆಗೆ ನಾಣ್ಯ ಚಿಮ್ಮಿ ಕಪ್ ಕೊಟ್ಟುಬಿಟ್ಟೆವು. ಚಿಮ್ಮಿದವನು ನಾನೇ. ಸೋತ ತಂಡದ ಮೂವರು ಹುಡುಗರು ಅಂದಿನಿಂದ ರವಿವಾರದ ಕೂಟಕ್ಕೆ ಬಂದಿಲ್ಲ. ಈ ವರ್ಷದ ಟೂರ್ನಿ ಹತ್ತಿರ ಬಂದಿದೆ. ಅದಕ್ಕೇ ಸಮ ಸಮ ಆದ ಆಟಗಳನ್ನು ಬೇರೆಯವರು ಹೇಗೆ ಮುಗಿಸಿದರು ಎಂದು ಓದುತ್ತಾ ಕೂತೆ. ಓದಿದ್ದರಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ನಮ್ಮ ಕನ್ನಡದ ಹುಡುಗರೇ ಆಡಿದ ಒಂದು ಪಂದ್ಯ.

2024ರ ಆಗಸ್ಟ್ 23. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಮಹಾರಾಜ ಟ್ರೋಫಿ. ಒಂದು ಕಡೆ ಮನೀಷ್ ಪಾಂಡೆ ನಾಯಕತ್ವದ ಹುಬ್ಬಳ್ಳಿ ಟೈಗರ್ಸ್, ಇನ್ನೊಂದು ಕಡೆ ಮಯಂಕ್ ಅಗರವಾಲ್ ನಾಯಕತ್ವದ ಬೆಂಗಳೂರು ಬ್ಲಾಸ್ಟರ್ಸ್. ಹುಬ್ಬಳ್ಳಿ 164ಕ್ಕೆ ಆಲೌಟ್. ಬೆಂಗಳೂರಿನ ಲವಿಶ್ ಕೌಶಲ್ ಒಬ್ಬರೇ ಐದು ವಿಕೆಟ್ ತೆಗೆದರು. ಉತ್ತರವಾಗಿ ಮಯಂಕ್ 54 ಹೊಡೆದರೂ ಬೆಂಗಳೂರಿನ ಲೆಕ್ಕ 9 ವಿಕೆಟಿಗೆ 164ರಲ್ಲೇ ನಿಂತಿತು. ಹುಬ್ಬಳ್ಳಿಯ ಮನ್ವಂತ್ ಕುಮಾರ್ ನಾಲ್ಕು ವಿಕೆಟ್ ಕಿತ್ತಿದ್ದರು. ಆ ಹೆಸರನ್ನು ನೆನಪಿಟ್ಟುಕೊಳ್ಳಿ.

ಮನೆಯಲ್ಲಿ ಇದನ್ನು ಓದಿಸಿಕೊಂಡು ಕೇಳುವ ಅಜ್ಜ ಅಜ್ಜಿಯರಿಗಾಗಿ ಒಂದು ಮಾತು: ಸೂಪರ್ ಓವರ್ ಎಂದರೆ ಎರಡೂ ತಂಡಗಳಿಗೆ ಆರಾರು ಚೆಂಡಿನ ಒಂದೊಂದು ಪುಟ್ಟ ಆಟ. ಎರಡು ವಿಕೆಟ್ ಹೋದರೆ ಅಲ್ಲಿಗೇ ಮುಗಿಯಿತು.

ಮೊದಲ ಸೂಪರ್ ಓವರಿನಲ್ಲಿ ಬೆಂಗಳೂರು 10, ಹುಬ್ಬಳ್ಳಿಯೂ 10. ಎರಡನೆಯದರಲ್ಲಿ ಹುಬ್ಬಳ್ಳಿ 8, ಬೆಂಗಳೂರೂ 8. ಮೂರನೆಯದರಲ್ಲಿ ಬೆಂಗಳೂರು 12 ಮಾಡಿತು. ಕೊನೆಯ ಚೆಂಡಿಗೆ ಹುಬ್ಬಳ್ಳಿ 9ರಲ್ಲಿತ್ತು. ಮೂರು ರನ್ ಬಂದಿದ್ದರೆ ನಾಲ್ಕನೇ ಸೂಪರ್ ಓವರ್! ಮನ್ವಂತ್ ಕುಮಾರ್ ಬೌಂಡರಿ ಹೊಡೆದರು. ಎಲ್ಲ ಕೂಡಿಸಿದರೆ ಹುಬ್ಬಳ್ಳಿ 195, ಬೆಂಗಳೂರು 194. ಇಷ್ಟೆಲ್ಲ ಆಡಿ ಉಳಿದ ಅಂತರ ಒಂದು ರನ್. ಒಂದೇ ಟಿ20 ಪಂದ್ಯದಲ್ಲಿ ಮೂರು ಸೂಪರ್ ಓವರ್ ನಡೆದದ್ದು ಅದೇ ಮೊದಲು. ಸೊಲ್ಲಾಪುರದಿಂದ ವಿಜಯಪುರ, ಬಾಗಲಕೋಟೆ, ಗದಗ ದಾಟಿದರೆ ಹುಬ್ಬಳ್ಳಿ, ಹಾಗಾಗಿ ನಾನು ಯಾರ ಕಡೆ ಎಂದು ಕೇಳಬೇಡಿ.

ಆದರೆ ಕ್ರಿಕೆಟ್ ಮೊದಲಿನಿಂದ ಹೀಗೆ ಹಟ ಹಿಡಿದ ಆಟವಲ್ಲ. ನಮ್ಮ ಸೊಲ್ಲಾಪುರದಲ್ಲೇ ಹುಟ್ಟಿದ ಪಾಲಿ ಉಮ್ರಿಗರ್ ಆಡುತ್ತಿದ್ದ ಕಾಲದಲ್ಲಿ, 1960ರ ಡಿಸೆಂಬರಿನಲ್ಲಿ, ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ಟೆಸ್ಟ್ ಟೈ ಆಯಿತು. ಟೆಸ್ಟ್ ಇತಿಹಾಸದ ಮೊದಲ ಟೈ ಅದು. ಆಟಗಾರರು ಕೈಕುಲುಕಿದರು, ಅಷ್ಟೇ. ಟಿ20 ಬಂದ ಮೇಲೆ ಗೆದ್ದವರು ಯಾರೆಂದು ಅದೇ ರಾತ್ರಿ ಹೇಳಲೇಬೇಕಾಯಿತು. 2007ರ ವಿಶ್ವಕಪ್ಪಿನಲ್ಲಿ ಡರ್ಬನ್‌ನಲ್ಲಿ ಭಾರತ, ಪಾಕಿಸ್ತಾನ ಇಬ್ಬರೂ 141 ಮಾಡಿದಾಗ ಬ್ಯಾಟ್ಸ್‌ಮನ್ ಇಲ್ಲದ ಬರೀ ಸ್ಟಂಪಿಗೆ ಚೆಂಡೆಸೆಯುವ ಬೌಲ್ ಔಟ್ ನಡೆಯಿತು. ಭಾರತ 3–0. ಸ್ಟಂಪಿಗೆ ಹೊಡೆದ ಮೂವರಲ್ಲಿ ಕರ್ನಾಟಕದ ರಾಬಿನ್ ಉತ್ತಪ್ಪ ಒಬ್ಬರು. ನನ್ನ ಮಟ್ಟಿಗೆ ಅದು ಕ್ರಿಕೆಟ್ ಅಲ್ಲ, ಜಾತ್ರೆಯ ಆಟ. ಮರುವರ್ಷವೇ ಸೂಪರ್ ಓವರ್ ಬಂತು.

ಅದೂ ಸಮ ಆದರೆ? 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241. ಸೂಪರ್ ಓವರಿನಲ್ಲೂ 15–15. ಆಗ ಬೌಂಡರಿ ಎಣಿಸಿದರು: ಇಂಗ್ಲೆಂಡಿನದು 26, ನ್ಯೂಜಿಲೆಂಡಿನದು 17. ಕಪ್ ಇಂಗ್ಲೆಂಡಿಗೆ ಹೋಯಿತು. ಸೋಲದೇ ಸೋತ ತಂಡವನ್ನು ಕಂಡು ಜಗತ್ತೆಲ್ಲ ಮರುಗಿತು. ಅದೇ ಅಕ್ಟೋಬರಿನಲ್ಲಿ ಐಸಿಸಿ ನಿಯಮ ಬದಲಿಸಿ, ಇಂಥ ಪಂದ್ಯಗಳಲ್ಲಿ ಒಬ್ಬರು ಗೆಲ್ಲುವವರೆಗೂ ಸೂಪರ್ ಓವರ್ ಮುಂದುವರಿಯಲಿ ಎಂದಿತು. 2020ರ ಅಕ್ಟೋಬರ್ 18ರಂದು ದುಬೈನಲ್ಲಿ ಮುಂಬೈ ಮತ್ತು ಪಂಜಾಬ್ ನಡುವೆ ಎರಡು ಸೂಪರ್ ಓವರ್ ಬೇಕಾದವು. ಪಂಜಾಬಿನ ಗೆಲುವಿನ ಬೌಂಡರಿ ಹೊಡೆದದ್ದು ಇದೇ ಮಯಂಕ್ ಅಗರವಾಲ್. ಅಲ್ಲಿ ಗೆದ್ದವರು ನಾಲ್ಕು ವರ್ಷದ ಮೇಲೆ ತಮ್ಮೂರಲ್ಲೇ ಇನ್ನೂ ಒಂದು ಸೂಪರ್ ಓವರ್ ಹೆಚ್ಚಾಡಿ ಸೋತರು.

ಆದರೆ ನಮ್ಮ ಕಷ್ಟ ಬೇರೆ. ನಮ್ಮ ಮೈದಾನಕ್ಕೆ ಫ್ಲಡ್‌ಲೈಟ್ ಇಲ್ಲ. ಕತ್ತಲಾದ ಮೇಲೆ ಎಷ್ಟನೇ ಸೂಪರ್ ಓವರ್ ಆಡಿಸುವುದು? ಇದಕ್ಕೆ ದಾರಿ ಸಿಕ್ಕಿದ್ದು ನಾವು ಆಡದ ಬೇಸ್‌ಬಾಲ್‌ನಲ್ಲಿ. ಅಲ್ಲಿ ಒಂಬತ್ತು ಇನ್ನಿಂಗ್ಸ್ ಮುಗಿದು ಸಮ ಆದರೆ ಹತ್ತನೆಯದು, ಹನ್ನೊಂದನೆಯದು, ಹೀಗೆ ಒಬ್ಬರು ಮುಂದಾಗುವ ತನಕ. 1981ರ ಏಪ್ರಿಲ್ 18, ಪವಿತ್ರ ಶನಿವಾರ. ಅಮೆರಿಕದ ಪಾಟಕೆಟ್ ಎಂಬ ಊರಿನಲ್ಲಿ ಪಾಟಕೆಟ್ ಮತ್ತು ರಾಚೆಸ್ಟರ್ ತಂಡಗಳು ರಾತ್ರಿ ಎಂಟರ ನಂತರ ಆಟಕ್ಕಿಳಿದವು. ಒಂಬತ್ತು ಮುಗಿದಾಗ 1–1. 21ನೆಯ ಇನ್ನಿಂಗ್ಸಿನಲ್ಲಿ ಒಬ್ಬರು ಒಂದು ಗಳಿಸಿದರೆ ಇನ್ನೊಬ್ಬರೂ ಒಂದು ಗಳಿಸಿದರು, 2–2. ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಕೈ ಕಾಯಿಸಿಕೊಂಡರು. ರಾತ್ರಿ ಇಂತಿಷ್ಟು ಹೊತ್ತಿಗೆ ಆಟ ನಿಲ್ಲಿಸಬೇಕೆಂಬ ನಿಯಮ ಅಂಪೈರ್‌ಗಳ ಕೈಯಲ್ಲಿದ್ದ ಪುಸ್ತಕದಲ್ಲೇ ಇರಲಿಲ್ಲ! ಪಾಸ್ಖ ಹಬ್ಬದ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 32 ಇನ್ನಿಂಗ್ಸ್ ಆದ ಮೇಲೆ ಆಟ ನಿಂತಿತು. ಬಂದಿದ್ದ 1,740 ಜನರಲ್ಲಿ ಉಳಿದವರು 19.

ಮುಂದಿನದೇ ನನಗೆ ಬೇಕಾಗಿದ್ದದ್ದು. ಅವರು ನಾಣ್ಯ ಚಿಮ್ಮಲಿಲ್ಲ. ಸ್ಕೋರನ್ನು ಹಾಗೇ ಕಾಯ್ದಿಟ್ಟರು. ಎರಡು ತಿಂಗಳ ಮೇಲೆ, ಜೂನ್ 23ರಂದು, ಅದೇ ಮೈದಾನಕ್ಕೆ ಮತ್ತೆ ಬಂದು 33ನೆಯ ಇನ್ನಿಂಗ್ಸ್ ಆಡಿದರು. 18 ನಿಮಿಷದಲ್ಲಿ ಪಾಟಕೆಟ್ 3–2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಉದ್ದದ ಪಂದ್ಯ ಇನ್ನೊಂದಿಲ್ಲ.

ಹಾಗಾಗಿ ಈ ವರ್ಷಕ್ಕೆ ನನ್ನ ಸಲಹೆ ಇದು. ಟೈ ಆದರೆ ಸೂಪರ್ ಓವರ್, ಅದೂ ಟೈ ಆದರೆ ಮತ್ತೊಂದು. ಚೆಂಡು ಕಾಣದಷ್ಟು ಕತ್ತಲಾದರೆ ಸ್ಕೋರ್ ಬರೆದು ಇಬ್ಬರು ನಾಯಕರೂ ಸಹಿ ಹಾಕುವುದು, ಮುಂದಿನ ರವಿವಾರ ಅಲ್ಲಿಂದಲೇ ಆಟ. ಕಪ್ ಒಂದು ವಾರ ಫಾದರ್ ಅವರ ಕಪಾಟಿನಲ್ಲಿರಲಿ. ಬರುವ ರವಿವಾರ ಬಲಿಪೂಜೆ ಮುಗಿದ ಮೇಲೆ ಇದನ್ನು ಚರ್ಚಿಸಿ ನೋಟ್‌ಬುಕ್ಕಿನಲ್ಲಿ ಬರೆಯೋಣ. ಶುಕ್ರವಾರ ಸಂಜೆ ನಾನು ಆ ಮೂವರ ಮನೆಗೂ ಹೋಗಿ ಬರುತ್ತೇನೆ. ನಿಯಮ ಬರೆಯುವ ಪೆನ್ನು ಅವರ ಕೈಯಲ್ಲೇ ಇರಲಿ ಎಂದು ಕೇಳುವವನಿದ್ದೇನೆ.