ಅಳಿಸಲಾ ಅಂತ ಕೇಳದ ಸರ್ವರ್

ಮುಂಬಯಿಗೆ ಬಂದು ಮೂವತ್ತು ವರ್ಷ ಆಯ್ತು. ಬ್ಯಾಂಕಿನಲ್ಲಿ ಕಲಿತ ಮೊದಲ ಪಾಠ: ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. 2004ರಲ್ಲಿ ನಮ್ಮ ಕನ್ನಡ ಸಂಘದ ವೆಬ್‌ಸೈಟಿನ ಜಾಗ ತುಂಬಿತೆಂದು ಹಳೇ ಫೈಲು ತೆಗೆಯಲು ಕೂತವನಿಗೆ ಅದು ನೆನಪಾಗಲೇ ಇಲ್ಲ. ಹಳೇ ಆಮಂತ್ರಣಗಳ ಜೊತೆ ರಾಜ್ಯೋತ್ಸವ ನಾಟಕದ ಫೋಟೋಗಳ ಫೋಲ್ಡರನ್ನೂ ಆರಿಸಿಬಿಟ್ಟಿದ್ದೆ. ಒಂದೊಂದೇ ಹೆಸರು ಸರಸರನೆ ಮಾಯವಾಯಿತು. ರೀಸೈಕಲ್ ಬಿನ್‌ನಲ್ಲಿ ಹುಡುಕಿದರೆ ಏನಿದೆ, ಮಣ್ಣು? ಅದು ನನ್ನ ಕಂಪ್ಯೂಟರಿನ ಬುಟ್ಟಿ. ಫೈಲು ಇದ್ದದ್ದು ಎಲ್ಲೋ ದೂರದ ಸರ್ವರಿನಲ್ಲಿ.

ಆ ಬೇಜಾರಿನಲ್ಲೇ ಈ ಎಫ್‌ಟಿಪಿಯ ಜಾತಕ ಹುಡುಕಿದೆ. ಮೊದಲ ಕರಡು ಬರೆದವರು ನಮ್ಮ ದೇಶದವರೇ ಕಣ್ರೀ! ಅಭಯ್ ಭೂಷಣ್, ಕಾನ್ಪುರ ಐಐಟಿಯ ಮೊದಲ ಬ್ಯಾಚು. ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್ 16ರಂದು, ಆರ್‌ಎಫ್‌ಸಿ 114 ಎಂಬ ಟಿಪ್ಪಣಿಯಾಗಿ ಅದು ಹೊರಬಂತು. ವೆಬ್ ಹುಟ್ಟಲು ಇನ್ನೂ ಹತ್ತಿರಹತ್ತಿರ ಇಪ್ಪತ್ತು ವರ್ಷವಿತ್ತು. ಅರ್ಪಾನೆಟ್ ಜಾಲದಲ್ಲಿ ಒಂದೊಂದು ಯಂತ್ರ ಒಂದೊಂದು ರೀತಿ ಫೈಲು ಇಡುತ್ತಿತ್ತು, ಅವಕ್ಕೆಲ್ಲ ಒಂದು ಸಮಾನ ಭಾಷೆ ಬೇಕಿತ್ತು.

1985ರಲ್ಲಿ ಜಾನ್ ಪೋಸ್ಟೆಲ್, ಜಾಯ್ಸ್ ರೆನಾಲ್ಡ್ಸ್ ಸೇರಿ ಬರೆದ ಆರ್‌ಎಫ್‌ಸಿ 959ರಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಳಿಸುವ ಅಪ್ಪಣೆಗೆ ಅಲ್ಲಿ ನಾಲ್ಕೇ ಅಕ್ಷರ: ಡಿ, ಇ, ಎಲ್, ಇ. ನಿಜವಾಗಿ ಅಳಿಸಬೇಕೇ ಅಂತ ಕೇಳುವುದಿದ್ದರೆ ಬಳಸುವವನ ಕಡೆಯ ಪ್ರೋಗ್ರಾಮ್ ಕೇಳಲಿ ಎಂದು ಅಲ್ಲೇ ಬರೆದಿದ್ದಾರೆ. ಅಂದರೆ ಸರ್ವರ್ ಬರೀ ಕ್ಯಾಷಿಯರ್. ಪಾಸ್ ಮಾಡಿದ ವೋಚರ್ ಬಂತು, ದುಡ್ಡು ಕೊಟ್ಟಿತು. ನನ್ನ ಪ್ರೋಗ್ರಾಮ್ ಕೇಳಿತ್ತು ಕೂಡ. ನಾನೇ ಓದದೆ 'ಯೆಸ್' ಒತ್ತಿದ್ದೆ.

ಪಾಸ್‌ವರ್ಡನ್ನು ಗುಟ್ಟು ಮಾಡದೆ ತಂತಿಯ ಮೇಲೆ ಕಳಿಸುವ ಈ ಹಳೇ ಪದ್ಧತಿಯನ್ನು ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಕೈಬಿಟ್ಟವು. ಈಗ ಎಸ್‌ಎಫ್‌ಟಿಪಿ ಬಳಸುತ್ತೇವೆ. ಗುಟ್ಟು ಉಳಿಯುತ್ತೆ, ಆದರೆ ಅಳಿಸಿದ್ದು ಅಲ್ಲೂ ಅಳಿಸಿದ್ದೇ.

ಆ ನಾಟಕದಲ್ಲಿ ಎಚ್ಚಮನಾಯಕನ ಪಾತ್ರ ಮಾಡಿದ್ದ ಹಿರಿಯರು ಮರುವರ್ಷ ತೀರಿಕೊಂಡರು. ಅವರ ಮಗ ಫೋಟೋ ಇದೆಯಾ ಅಂತ ಕೇಳಿಕೊಂಡು ಮನೆಗೆ ಬಂದರು. ಕ್ಯಾಮೆರಾ ಕಾರ್ಡಿನಿಂದಲೂ ಆಗಲೇ ಅಳಿಸಿಯಾಗಿತ್ತು. ಕಾಫಿ ಕೊಟ್ಟು ಕಳಿಸಿದೆ.

ಈಗ ಮೊದಲು ಎಲ್ಲವನ್ನೂ ಮನೆಯ ಡಿಸ್ಕಿಗೆ ಇಳಿಸಿಕೊಳ್ಳುತ್ತೇನೆ. ಅಳಿಸುವ ಪಟ್ಟಿಯನ್ನು ಮಗಳು ಓದಿ ಟಿಕ್ ಹಾಕಬೇಕು. "ಅಪ್ಪಾ, ಇದೇನು ಕ್ಯಾಶ್ ಟ್ಯಾಲಿನಾ?" ಅಂತ ನಗ್ತಾಳೆ.